ನಮ್ಮ ತಾರಸಿ ಕಟ್ಟಿದಾಕೆ

“ಅಲ್ಲಲ್ಲ ಮೇಸ್ತ್ರಿ, ನೀರು ಇಳೀತಿರಾದು ಇಲ್ಲಿ,” ಎಂದು ಸಿಮೆಂಟು ಹೊರಲು ಬಂದಿದ್ದ ಹೆಂಗಸು ತಾರಸಿಯ ನಡುವೆ ಕಾಲಿಟ್ಟು ತೋರಿಸಿದಾಗ ಮೇಸ್ತ್ರಿಯೂ ನಾನೂ ಬೆರಗಾದೆವು. ಎರಡು ಸಲ ರಿಪೇರಿ ಮಾಡಿಸಿದ್ದರೂ ಆಂಡರ್ಸನ್‌ಪೇಟೆಯ ನಮ್ಮ ಮನೆಯ ಮಲಗುವ ಕೋಣೆ ಸೋರುತ್ತಲೇ ಇತ್ತು.

“ನಿಂಗೆ ಹೇಗಮ್ಮಾ ಗೊತ್ತು?” ಎಂದೆ.

“ಈ ಮನೆಗೆ ಕಾಂಕ್ರೀಟು ಒತ್ತೋಳು ನಾನೇ ಅಲ್ವಾ ಅಕ್ಕಾ. ಅವತ್ತು ಮಳೆ ಬಂತಂತ ಇಲ್ಲೀಗಂಟ ಆಕಿ ನಿಲ್ಸಿದ್ರು. ಮಿಕ್ಕಿದ್ದು ಮಾರನೇ ದಿನ ಆಕಿದ್ದು.”

ಮೇಸ್ತ್ರಿ ಅಲ್ಲೇ ಕೆತ್ತಿ ನೋಡಿದರೆ ಎರಡು ದಿನದ ಕಾಂಕ್ರೀಟು ಕೂಡಿದ ಜಾಗ ಬಿಟ್ಟುಕೊಂಡಿತ್ತು. ಅದನ್ನು ತುಂಬಿ, ಒಣಗಿದ ಮೇಲೆ ತಾರಸಿಯಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿದರು. ಒಂದು ಹನಿಯೂ ಇಳಿಯಲಿಲ್ಲ.

ಕೆಲಸ ಮುಗಿದ ದಿನ ಆಕೆಯನ್ನು ಟೀಗೆ ಒಳಗೆ ಕರೆದೆ. ಕಟ್ಟಿ ಮುಗಿದ ಮನೆಯೊಳಗೆ ಆಕೆ ಕಾಲಿಟ್ಟದ್ದು ಅದೇ ಮೊದಲು. ಮೂರೂ ಕೋಣೆ ನೋಡಿ ಬಂದು ಮೆಲ್ಲಗೆ ಕೇಳಿದಳು: “ಇಷ್ಟು ದೊಡ್ಡ ಮನೇಲಿ ಒಬ್ರೇ ಇರ್ತೀರಾ ಅಕ್ಕಾ?”

ಹೂಂ ಎಂದು ಟೀ ಲೋಟ ಆಕೆಯ ಕೈಗಿತ್ತೆ. ಯಜಮಾನರು ತೀರಿಕೊಂಡ ಮೇಲೆ, ನಮ್ಮ ಗೃಹಪ್ರವೇಶಕ್ಕೆ ಬಂದು ಉಂಡು ಹೋದ ಅಷ್ಟು ಜನರಲ್ಲಿ ಒಬ್ಬರೂ ಈ ಮಾತು ಕೇಳಿರಲಿಲ್ಲ. ಕೇಳಿದ ಈಕೆಯನ್ನು ನಾವು ಅವತ್ತು ಕರೆದೇ ಇರಲಿಲ್ಲ.