ಅಪ್ಪನ ಮಾನಿಟರ್

ಅಪ್ಪನ ಕಣ್ಣು ಮಂಜಾದ ಮೇಲೆ ಪತ್ರಿಕೆ ಓದಲು ನಾನೊಂದು ವ್ಯವಸ್ಥೆ ಮಾಡಿಕೊಟ್ಟಿದ್ದೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ದಿನಾ ಬೆಳಿಗ್ಗೆ ದೊಡ್ಡ ಮಾನಿಟರ್ ಸಿಕ್ಕಿಸಿ, ಅಕ್ಷರಗಳನ್ನು ಬೆರಳುದ್ದ ಹಿಗ್ಗಿಸಿಟ್ಟರೆ ಅವರೇ ಓದಿಕೊಳ್ಳುತ್ತಿದ್ದರು. ಇನ್ನೊಬ್ಬರು ಓದಿ ಹೇಳುವುದು ಅವರಿಗೆ ಆಗದು. ತುತ್ತು ಮಾಡಿ ಉಣ್ಣಿಸಿದ ಹಾಗಾಗುತ್ತದೆ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಾನಿಟರ್ ಕಪ್ಪಾಯಿತು. ಲ್ಯಾಪ್‌ಟಾಪಿನ ಪರದೆ ಮಾತ್ರ ತನಗೇನೂ ಸಂಬಂಧವಿಲ್ಲದ ಹಾಗೆ ಉರಿಯುತ್ತಿತ್ತು. ವೈರ್ ತೆಗೆದು ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ, ಸೆಟ್ಟಿಂಗ್ಸನ್ನೆಲ್ಲ ಜಾಲಾಡಿದೆ. ಹೊಸ ವೈರ್ ತಂದರೂ ಅದೇ ರಾಗ. ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರದಿಂದ ಕಡೂರಿಗೆ ಹೋದರೆ, ಅಲ್ಲಿನ ಅಂಗಡಿಯ ಕಂಪ್ಯೂಟರಿಗೆ ಹಾಕಿದ ಕೂಡಲೇ ಹೊತ್ತಿಕೊಂಡಿತು. ಮನೆಗೆ ತಂದರೆ ಮತ್ತೆ ಕಪ್ಪು. ನನಗೆ ಅಳು ಬರುವುದೊಂದು ಬಾಕಿ. ಅಪ್ಪ ಪೂಜೆ ಮುಗಿಸಿ ಬಂದು ಆ ಕಪ್ಪು ಪರದೆಯ ಮುಂದೆ ಸುಮ್ಮನೆ ಕೂರುತ್ತಿದ್ದರು. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಕೊನೆಗೆ ಲ್ಯಾಪ್‌ಟಾಪನ್ನೇ ತರೀಕೆರೆಗೆ ಒಯ್ದೆ. ರಿಪೇರಿಯವರು ವೈರ್ ಸಿಕ್ಕಿಸುವ ತೂತಿಗೆ ಟಾರ್ಚ್ ಬಿಟ್ಟು ನೋಡಿ, ಒಳಗೆ ಬೆಳ್ಳಗೆ ಏನೋ ಕಟ್ಟಿಕೊಂಡಿದೆಯಲ್ಲ ಎಂದರು. ನನಗೆ ತಟ್ಟನೆ ಹೊಳೆಯಿತು. ವಿಭೂತಿ! ನಮ್ಮ ಮನೆಯಲ್ಲಿ ತಕ್ಕಡಿಯಿಂದ ಹಿಡಿದು ಟಿಲ್ಲರ್‌ವರೆಗೆ ವಿಭೂತಿ ಕಾಣದ ವಸ್ತುವಿಲ್ಲ. ಅವರು ಬ್ರಷ್ಷಿನಲ್ಲಿ ಕೆರೆದು ಸ್ವಚ್ಛ ಮಾಡಿಕೊಟ್ಟರು.

ಮನೆಗೆ ಬಂದವನೇ ಅಪ್ಪನನ್ನು ಕೇಳಿದೆ, ಸ್ವಲ್ಪ ಜೋರಾಗಿಯೇ.

"ಅಕ್ಷರ ದಿನಾ ಮಸುಕಾಗ್ತಾ ಬಂತು ಕಣೋ," ಎಂದರು. "ಅದ್ಕೇ ಪೂಜೆ ಆದ್ಮೇಲೆ ಒಂಚೂರು ನೆನೆಸಿ ಹಚ್ತಿದ್ದೆ. ನನ್ ಕಣ್ಣಿಗೂ, ಅದಕ್ಕೂ."

ತಡವರಿಸುವ ಬೆರಳು ಎಲ್ಲಿ ಹಚ್ಚಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನನ್ನ ಕೋಪ ಇಳಿದು ನಗು ಬಂತು. ವೈರ್ ಸಿಕ್ಕಿಸಿದೆ. ಮಾನಿಟರ್ ತುಂಬ ಅಕ್ಷರಗಳು ಬಂದವು, ಬೆರಳುದ್ದ, ಕರ್ರಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಬಹುದಿತ್ತು.

ಅಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಕನ್ನಡಕ ಒರೆಸಿ ಹಾಕಿಕೊಂಡರು. ಅತ್ತಿತ್ತ ಕತ್ತು ವಾಲಿಸಿ ತುಂಬ ಹೊತ್ತು ನೋಡಿದರು.

"ಇನ್ನೂ ಸರಿಹೋಗಿಲ್ವೇನೋ?" ಎಂದು ಕೇಳಿದರು.

"ಇರಪ್ಪಾ, ಒಂದ್ನಿಮಿಷ," ಎಂದೆ. ಸರಿಯಾಗಿಯೇ ಇದ್ದ ವೈರನ್ನು ತೆಗೆದು ಮತ್ತೆ ಹಾಕಿದೆ.