ಡಿಸೆಂಬರ್ ಹದಿನಾರು, ಒಂದು ಸೇತುವೆ ಮತ್ತು ಮಾಜುಂಗು

ಸೂರ್ಯ ಇನ್ನೂ ಗುಡ್ಡದ ಮರೆಯಲ್ಲಿದ್ದಾನೆ. ದಕ್ಷಿಣ ಆಫ್ರಿಕಾದ ನ್ಕೋಮೆ ನದಿಯ ಕಾಲುಸೇತುವೆಯನ್ನು ಫಿಕಿಲೆ ಜುಂಗು ಉದ್ದನೆಯ ಹುಲ್ಲುಪೊರಕೆಯಿಂದ ಗುಡಿಸುತ್ತಿದ್ದಾರೆ. ನಾಲ್ಕು ಸಲ ಬೀಸುತ್ತಾರೆ, ತಲೆಯೆತ್ತಿ ಪಡುವಣ ದಿಕ್ಕಿನ ಆಕಾಶ ನೋಡುತ್ತಾರೆ, ಮತ್ತೆ ಬೀಸುತ್ತಾರೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ. ಅದೇ ಅವರಿಗೆ ಸರಿಕಾಣುತ್ತಿಲ್ಲ.

"ಗಾಳಿನೇ ಇಲ್ಲ ನೋಡಿ. ಬೆಳಗಿನ ಜಾವಕ್ಕೇ ಬೆನ್ನು ಬೆವರ್ತಿದೆ ಅಂದ್ರೆ ಮಧ್ಯಾಹ್ನ ನೆಟ್ಟಗಿರಲ್ಲ," ಎನ್ನುತ್ತಾರೆ. "ಅದೂ ಇವತ್ತೇ ಹೀಗಾಗ್ಬೇಕಾ!"

ಇವತ್ತು ಡಿಸೆಂಬರ್ ಹದಿನಾರು. ಸೇತುವೆಯ ಎರಡು ತುದಿಯಲ್ಲೂ ಕಬ್ಬಿಣದ ಬಾಗಿಲುಗಳಿವೆ. ಅವುಗಳ ಬೀಗದ ಕೈ ಐವತ್ತೆಂಟು ವರ್ಷದ ಈ ಹೆಂಗಸಿನ ಸೊಂಟದಲ್ಲಿದೆ. ಸೇತುವೆ ಗುಡಿಸುವುದು, ದಾರಿಯ ಹುಲ್ಲು ಸವರುವುದು, ಶೌಚಾಲಯ ತೊಳೆಯುವುದು, ಬೆಳಿಗ್ಗೆ ಬಾಗಿಲು ತೆಗೆದು ಸಂಜೆ ಹಾಕುವುದು ಅವರ ಕೆಲಸ. ವರ್ಷದ ಉಳಿದ ದಿನ ಈ ಸೇತುವೆ ದಾಟುವುದು ಹೆಚ್ಚಾಗಿ ಮೇಕೆಗಳು. ಇವತ್ತು ಮಾತ್ರ ಎರಡು ದಂಡೆಗೂ ಜನ ಬರುತ್ತಾರೆ, ಆದರೆ ದಾಟುವವರು ಬೆರಳೆಣಿಕೆಯವರು.

ಪಡುವಣ ದಂಡೆಯ ಬಯಲಲ್ಲಿ ಕಂಚಿನ ಬಂಡಿಗಳು ವರ್ತುಲವಾಗಿ ನಿಂತಿವೆ. ಸಾವಿರದ ಎಂಟುನೂರ ಮೂವತ್ತೆಂಟರ ಈ ದಿನ ಅಂಥದೇ ಮರದ ಬಂಡಿಗಳ ಒಳಗಿನಿಂದ ಬೋಯರ್ ಎಂಬ ಡಚ್ ಮೂಲದ ಬಿಳಿಯ ರೈತರು ಕೋವಿ ಹಾರಿಸಿದರು, ಹೊರಗಿನಿಂದ ಈ ನೆಲದ ಜುಲು ದಳಗಳು ಭರ್ಜಿ ಹಿಡಿದು ನುಗ್ಗಿದವು. ಸಂಜೆಯ ಹೊತ್ತಿಗೆ ನದಿ ಕೆಂಪಾಗಿತ್ತು. ಸತ್ತವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯವರು, ಜುಲುಗಳು. ಮೂಡಣ ದಂಡೆಯಲ್ಲಿ ಅವರ ನೆನಪಿನ ಸಭಾಂಗಣವಿದೆ, ಗಾಜಿನ ಪೆಟ್ಟಿಗೆಗಳಲ್ಲಿ ಗುರಾಣಿ, ಭರ್ಜಿಗಳಿವೆ. ಅಲ್ಲಿ ಪ್ರಾರ್ಥನೆ, ಇಲ್ಲಿ ಕುಣಿತ. ನಡುವೆ ಮಾಜುಂಗು. ಜುಂಗು ಕುಲದ ಮಗಳೆಂದು ಊರವರೆಲ್ಲ ಅವರನ್ನು ಕರೆಯುವುದು ಹಾಗೆ.

ನ್ಯೂಕ್ಯಾಸಲ್ ಪೇಟೆಯ ಬಟ್ಟೆ ಕಾರ್ಖಾನೆಯಲ್ಲಿರುವ ಮಗಳು ಆಗಲೇ ಎರಡು ಸಲ ಫೋನ್ ಮಾಡಿದ್ದಾಳೆ. ಹೋದ ವಾರ ಪೇಟೆಯ ಪೆಟ್ರೋಲ್ ಬಂಕಿನಲ್ಲಿ ಎರಡೂ ಕಡೆಯ ಹುಡುಗರು ಕೈಕೈ ಮಿಲಾಯಿಸಿದ್ದಾರೆ. "ಹದಿನಾರಕ್ಕೆ ನದಿ ಹತ್ರ ನೋಡ್ಕೋತೀವಿ" ಎಂದು ಯಾರೋ ಯಾರಿಗೋ ಹೇಳಿದ್ದಾರಂತೆ.

"ಅಮ್ಮ, ಇವತ್ತೊಂದು ದಿನ ಹೊಟ್ಟೆನೋವು ಅಂದ್ಬಿಡು."

"ನಿಜವಾಗ್ಲೂ ಹೊಟ್ಟೆ ನೋಯ್ತಾ ಇದೆ ಕಣೆ. ಆದ್ರೆ ಬೀಗ ಯಾರು ತೆಗೀತಾರೆ?"

ಈ ತಾರೀಖಿನ ಜೊತೆ ಫಿಕಿಲೆಯವರ ನಂಟು ಸೇತುವೆಗಿಂತ ಹಳೆಯದು. ಅವರು ಹುಟ್ಟಿದ್ದು ಬೋಯರ್ ಜಮೀನ್ದಾರರೊಬ್ಬರ ಹೊಲದಂಚಿನ ಗುಡಿಸಲಲ್ಲಿ. ಎದೆಮಟ್ಟಕ್ಕೆ ಬೆಳೆಯುವ ಹೊತ್ತಿಗೆ ದೊಡ್ಡಮನೆಯ ಅಡುಗೆಕೋಣೆ ಸೇರಿದರು, ಅವರ ಆಫ್ರಿಕಾನ್ಸ್ ಮಾತು ಕಲಿತರು. ಡಿಸೆಂಬರ್ ಹದಿನಾರು ಬಂತೆಂದರೆ ದೊಡ್ಡಮನೆಯವರು ಕಪ್ಪು ಬಟ್ಟೆ ತೊಟ್ಟು, ಗೆದ್ದರೆ ಈ ದಿನ ನಿನಗೇ ಮೀಸಲು ಎಂದು ಹಿರಿಯರು ಕದನಕ್ಕೆ ಮುಂಚೆ ದೇವರಿಗೆ ಕೊಟ್ಟ ಮಾತು ನೆನೆಯುತ್ತಿದ್ದರು. ಕೆಲಸದವರು ಗುಡಿಸಲು ಬಿಟ್ಟು ಹೊರಗೆ ಬರುವಂತಿರಲಿಲ್ಲ. ಆ ಗುಡಿಸಲಲ್ಲೇ ಅಜ್ಜಿ ಒಂದು ತಟ್ಟೆ ಗಟ್ಟಿ ಜೋಳದ ಗಂಜಿಗೆ ಹುಳಿಹಾಲು ಸುರಿದು ಮೂಲೆಯಲ್ಲಿ ಇಡುತ್ತಿದ್ದಳು. ಅದು ಚಿಕ್ಕಪ್ಪ ಎಲ್ಫಾಸನ ಪಾಲು. ಸಾವಿರದ ಒಂಬೈನೂರ ಅರವತ್ತೊಂದರ ಇದೇ ದಿನ ದೂರದ ಪಟ್ಟಣಗಳಲ್ಲಿ ಸರ್ಕಾರಿ ಕಟ್ಟಡಗಳ ಬುಡದಲ್ಲಿ ಬಾಂಬು ಸಿಡಿದವು. ಬಿಳಿಯರ ಆಳ್ವಿಕೆಯ ವಿರುದ್ಧ ಕರಿಯರ ಸಶಸ್ತ್ರ ಹೋರಾಟ ಅಲ್ಲಿಂದ ಶುರುವಾಯಿತು. ಎಲ್ಫಾಸ್ ಆ ಪಡೆ ಸೇರಿ ಗಡಿ ದಾಟಿದವನು, ಮೂಳೆಯಾಗಿ ಕೂಡ ಮರಳಲಿಲ್ಲ.

"ಮುದುಕರು ಹೇಳ್ತಾರೆ, ಬೋಯರ್ ಜನ ಇಂಗ್ಲಿಷರ ಮೇಲೆ ಮೊದಲ ಗುಂಡು ಹಾರಿಸಿದ್ದೂ ಇದೇ ಹದಿನಾರಕ್ಕಂತೆ, ಪೊಚೆಫ್‌ಸ್ಟ್ರೂಮ್ ಊರಲ್ಲಿ. ಎಂಬತ್ತರಲ್ಲಿ, ಸಾವಿರದ ಎಂಟುನೂರ ಎಂಬತ್ತು," ಎಂದು ಮಾಜುಂಗು ಪೊರಕೆಗೆ ಒರಗಿ ನಿಲ್ಲುತ್ತಾರೆ. "ಈಗಿನ ಸರ್ಕಾರ ಬಂದು ಇದನ್ನ ರಾಜಿಯ ದಿನ ಅಂತು. ಒಂದು ತಾರೀಖಿನ ಬೆನ್ನ ಮೇಲೆ ಎಷ್ಟು ಜನ ಅಂತ ಕೂರೋದು? ಪಾಪ, ಅದರ ಬೆನ್ನು ಮುರಿಯಲ್ವ?"

ಹೊತ್ತು ಏರುತ್ತಿದ್ದಂತೆ ಮೂಡಣ ದಂಡೆಯಲ್ಲಿ ಹೋರಿ ಕಡಿದು ಹಂಡೆ ಏರಿಸಿದ್ದಾರೆ. ಚಿರತೆಚರ್ಮದ ಪಟ್ಟಿ ಕಟ್ಟಿದ ಗಂಡಸರು ಗುರಾಣಿ, ಕೋಲು ಹಿಡಿದು ನೆಲ ನಡುಗುವಂತೆ ಕುಣಿಯುತ್ತಿದ್ದಾರೆ. ದಳದ ಮುಖ್ಯಸ್ಥ ಬಾಬಾ ಶೆಜಿ ನಾಲಿಗೆಯ ಮೇಲೆ ಮೆಣಸಿನಕಾಯಿ ಇಟ್ಟುಕೊಂಡೇ ಹುಟ್ಟಿದ ಮನುಷ್ಯ.

"ಏನ್ ಮಾಜುಂಗು, ಆಕಾಶ ಆಕಾಶ ನೋಡ್ತೀಯ? ಅಲ್ಲಿಂದ ನೆಂಟರು ಬರೋರಿದಾರಾ?"

"ಬರ್ತಾರೆ ಬಾಬಾ. ಕುಣಿಯೋಕೆ ಬರಲ್ಲ ಅವರು."

ಆಚೆ ತುದಿಯಿಂದ ಫ್ಲೋರಿಸ್ ಎಂಬ ಎಂಬತ್ತು ದಾಟಿದ ಬೋಯರ್ ರೈತ ಕೋಲೂರಿಕೊಂಡು ಬರುತ್ತಾರೆ. ಮಾಜುಂಗು ಅವರನ್ನು ಕರೆಯುವುದು 'ಊಮ್' ಎಂದು, ಅವರ ಭಾಷೆಯಲ್ಲಿ ದೊಡ್ಡಪ್ಪ. ಪ್ರತಿ ವರ್ಷವೂ ಅವರು ಫ್ಲಾಸ್ಕಿನಲ್ಲಿ ಕಾಫಿ, ಜೇಬಿನಲ್ಲಿ ರಸ್ಕು ತರುತ್ತಾರೆ. ಸೇತುವೆಯ ನಟ್ಟನಡುವೆ ನಿಂತು ಮಾಜುಂಗುವಿಗೂ ಒಂದು ಲೋಟ ಸುರಿಯುತ್ತಾರೆ. ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ.

"ಆ ಬಂಡಿಗಳ ಒಳಗೆ ನನ್ನ ಮುತ್ತಜ್ಜನ ಅಪ್ಪ ಇದ್ದ ಫಿಕಿ. ನಾನು ಆ ಕಡೆಗೆ ಬಂದರೆ ಅವನಿಗೆ ಏನು ಹೇಳಲಿ?"

"ಏನೂ ಹೇಳ್ಬೇಡಿ ಊಮ್. ಇವತ್ತು ಬೇಗ ಮನೆಗೆ ಹೋಗಿ, ಸಾಕು. ಮಧ್ಯಾಹ್ನದ ಪ್ರಾರ್ಥನೆನ ನದಿ ದಂಡೇಲಿ ಇಟ್ಕೋಬೇಡಿ ಅಂತ ನಿಮ್ಮೋರಿಗೆ ಹೇಳಿ."

"ಪ್ರತಿ ವರ್ಷ ಅಲ್ಲೇ ಮಾಡೋದು," ಎನ್ನುತ್ತಾರೆ ಅವರು, ನಿಧಾನವಾಗಿ ಹಿಂತಿರುಗುತ್ತಾ.

ಆಕಾಶದ ಈ ಭಯಕ್ಕೆ ಬೇರಿದೆ. ಫಿಕಿಲೆಗೆ ಒಂಬತ್ತು ವರ್ಷವಿದ್ದಾಗ ಅಕ್ಕ ಥೆಂಬೆನಿ ಕರುಗಳನ್ನು ಹೊಡೆದುಕೊಂಡು ಬರಲು ಬಯಲಿಗೆ ಹೋಗಿದ್ದಳು. ತಂಗಿ ಗುಡಿಸಲ ಬಾಗಿಲಲ್ಲಿ ನಿಂತು ಬೇಗ ಬಾ ಎಂದು ಕೈಬೀಸುತ್ತಿದ್ದಳು. ಅಕ್ಕನೂ ನಕ್ಕು ಕೈಬೀಸಿದಳು. ಸಿಡಿಲು ಬಡಿದದ್ದು ಆಗ. "ನನಗೆ ಸದ್ದು ಕೇಳಿಸ್ಲೇ ಇಲ್ಲ. ಅವಳ ಕೈ ಮೇಲಿತ್ತು, ಆಮೇಲೆ ಇರ್ಲಿಲ್ಲ," ಎಂದು ಹೇಳಿ ಅವರು ಮಾತು ಬೇರೆ ಕಡೆಗೆ ತಿರುಗಿಸುತ್ತಾರೆ.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಪಡುವಣದ ಗುಡ್ಡಗಳ ಹಿಂದಿನಿಂದ ಮೋಡ ಎದ್ದಿದೆ. ಮಸಿ ಬಳಿದ ಹಂಡೆಯನ್ನು ಬೋರಲು ಹಾಕಿದ ಹಾಗೆ. ಅದೇ ಹೊತ್ತಿಗೆ ಬಂಡಿಗಳ ಕಡೆಯಿಂದ ಮೂವತ್ತು, ನಲವತ್ತು ಜನ ಮಡಚುಕುರ್ಚಿ ಹಿಡಿದು ನದಿಯ ದಂಡೆಗೆ ಇಳಿದಿದ್ದಾರೆ. ಹೆಚ್ಚಿನವರು ವಯಸ್ಸಾದವರು, ಕೆಲವರ ಜೊತೆ ಮೊಮ್ಮಕ್ಕಳು. ಅವರ ವಾಹನಗಳು ಬಯಲಿನ ಆಚೆ ತುದಿಯಲ್ಲಿ ಬೊಟ್ಟಿನಷ್ಟು ಕಾಣುತ್ತಿವೆ. ಪಾಪ್ಲರ್ ಮರದ ಕೆಳಗೆ ಕುರ್ಚಿ ಹಾಕಿ, ಕಣ್ಣುಮುಚ್ಚಿ, ಹಾಡು ಶುರುಮಾಡಿದ್ದಾರೆ.

ಮೊದಲ ಗುಡುಗಿಗೆ ಮಾಜುಂಗು ಪೊರಕೆ ಎಸೆದು ಓಡುತ್ತಾರೆ. ಸೇತುವೆ ದಾಟಿ, ಹಾಡಿನ ನಡುವೆಯೇ ನುಗ್ಗಿ, ಅಡುಗೆಮನೆಯಲ್ಲಿ ಕಲಿತ ಆ ಭಾಷೆಯಲ್ಲಿ ಕೂಗುತ್ತಾರೆ: "ಏಳಿ! ಮರದ ಕೆಳಗಿಂದ ಏಳಿ! ಎಲ್ಲಾ ನದಿಯಾಚೆ ಆ ಸಭಾಂಗಣದೊಳಗೆ ಬನ್ನಿ!"

ಹಾಡು ನಿಲ್ಲುತ್ತದೆ. ಒಬ್ಬ ಹೆಂಗಸು ನದಿಯಾಚೆ ಕೋಲು, ಗುರಾಣಿಗಳ ಗುಂಪನ್ನು ನೋಡಿ ಕೈಚೀಲ ಎದೆಗೆ ಅವುಚಿಕೊಳ್ಳುತ್ತಾಳೆ. "ಅಲ್ಲಿಗಾ? ಇವತ್ತಾ?"

"ನಾವು ಬಂಡಿಗಳ ಹತ್ತಿರ ಹೋಗ್ತೀವಿ," ಎನ್ನುತ್ತಾನೆ ಗಡ್ಡದ ಯುವಕನೊಬ್ಬ.

"ಬಂಡಿ ಕಂಚಿಂದು ಮಗನೇ! ಸಿಡಿಲಿಗೆ ನೀನೇ ಹಾಸಿಗೆ ಹಾಸ್ಕೊಡ್ತೀಯಾ?"

ಎರಡನೆಯ ಗುಡುಗು ಹತ್ತಿರ ಬಂದಿದೆ. ಮಾಜುಂಗು ಮಾತು ಬಿಟ್ಟು ಎರಡು ಮಕ್ಕಳ ಕೈ ಹಿಡಿದು ನಡೆದೇಬಿಡುತ್ತಾರೆ. ಮಕ್ಕಳ ಹಿಂದೆ ಅಜ್ಜಿಯರು, ಅಜ್ಜಿಯರ ಹಿಂದೆ ಉಳಿದವರು. ಮಳೆ ಜಲ್ಲಿಕಲ್ಲು ಎರಚಿದಂತೆ ಬೀಳತೊಡಗಿದೆ.

ಸಭಾಂಗಣದ ಬಾಗಿಲಲ್ಲಿ ಬಾಬಾ ಶೆಜಿ, ಅವರ ಹಿಂದೆ ದಳದ ಗಂಡಸರು. ಯಾರ ಕೈಯಿಂದಲೂ ಕೋಲು ಇಳಿದಿಲ್ಲ.

"ಯಾರನ್ನ ಕರ್ಕೊಂಡು ಬರ್ತಿದೀಯ ಮಾಜುಂಗು?"

"ನೆನೆದಿರೋರನ್ನ."

"ಇವತ್ತಿನ ದಿನ, ಈ ಮನೆಗಾ? ಇಲ್ಲಿ ಗೋಡೆ ಮೇಲೆ ಹೆಸರಿರೋ ಸತ್ತೋರು ಏನಂತಾರೆ?"

"ಅವರನ್ನ ಆಮೇಲೆ ಕೇಳೋಣ ಬಾಬಾ. ಕೂಸು ನಡುಗ್ತಿದೆ, ದಾರಿ ಬಿಡಿ."

ಆ ಗಳಿಗೆಯ ಬಗ್ಗೆ ಅವರು ಆಮೇಲೆ ಹೇಳುತ್ತಾರೆ: "ಪೆಟ್ರೋಲ್ ಬಂಕಿನ ಜಗಳ ನೆನಪಾಯ್ತು. ಒಳಗೆ ಯಾರಾದ್ರೂ ಯಾರಿಗಾದ್ರೂ ಒಂದೇಟು ಹಾಕಿದ್ರೆ ಕೊಂದೋಳು ನಾನೇ ಆಗ್ತಿದ್ದೆ. ಹೊರಗೆ ಬಿಟ್ಟಿದ್ರೂ ನಾನೇ."

ಶೆಜಿ ಮಕ್ಕಳನ್ನೊಮ್ಮೆ ನೋಡುತ್ತಾರೆ. "ಕೋಲು ಗೋಡೆಗೊರಗಿಸ್ರೋ," ಎಂದು ಪಕ್ಕಕ್ಕೆ ಸರಿಯುತ್ತಾರೆ.

ಎಲ್ಲರೂ ಒಳಗಾದ ಮೇಲೆ ಮಾಜುಂಗು ತಿರುಗಿ ನೋಡಿದರೆ ಸೇತುವೆಯ ನಡುವೆ ಒಬ್ಬರು ನಿಂತಿದ್ದಾರೆ. ಊಮ್ ಫ್ಲೋರಿಸ್. ಒದ್ದೆ ಟೋಪಿ, ಕಬ್ಬಿಣದ ಕಂಬಿ ಹಿಡಿದ ಕೈ. ಮಾಜುಂಗು ಬಾಗಿಲಲ್ಲೇ ನಿಂತು ಕೈಬೀಸಲು ಹೋಗಿ, ಅಕ್ಕನ ನೆನಪಾಗಿ ಕೈ ಕೆಳಗಿಳಿಸುತ್ತಾರೆ. ಆಮೇಲೆ ಓಡುತ್ತಾರೆ.

"ಕಂಬಿ ಬಿಡಿ ಊಮ್!"

"ನಾನು ಇಲ್ಲೀವರೆಗೆ ಮಾತ್ರ ಫಿಕಿ. ನಿನಗೆ ಗೊತ್ತು."

"ನೀವಿಲ್ಲಿ ಸುಟ್ಟು ಬಿದ್ರೆ ನಾಳೆ ಏನಂತಾರೆ? ಹದಿನಾರಕ್ಕೆ ಇನ್ನೊಂದು ಹೆಣ ಅಂತಾರೆ. ಈ ತಾರೀಖಿಗೆ ಇರೋ ಹೆಣ ಸಾಲ್ದಾ? ಎಂಬತ್ತು ವರ್ಷದೋರು, ಹಟ ಮಾಡೋದಾದ್ರೆ ಒಳಗೆ ಬಂದು ಮಾಡಿ!"

ಬಹುಶಃ ಎಪ್ಪತ್ತು ವರ್ಷಗಳಿಂದ ಆ ಮುದುಕರನ್ನು ಯಾರೂ ಹೀಗೆ ಗದರಿಸಿಲ್ಲ. ಫ್ಲೋರಿಸ್ ಕಂಬಿ ಬಿಟ್ಟು, ಮಾಜುಂಗುವಿನ ಕೈ ಹಿಡಿದು, ಎಡವುತ್ತಾ ಈ ದಂಡೆಗೆ ಬರುತ್ತಾರೆ.

ಸಿಡಿಲಿನ ಹೊತ್ತಲ್ಲಿ ಜುಲುಗಳು ಬಾಯಿ ತೆರೆಯುವುದಿಲ್ಲ, ಸಿಡಿಲನ್ನು ಕರೆಯುತ್ತದೆಂದು ಹೊಳೆಯುವ ಯಾವುದನ್ನೂ ತೆರೆದಿಡುವುದಿಲ್ಲ. ಒಬ್ಬ ಜುಲು ಅಜ್ಜಿ ಎದ್ದು ಕಂಬಳಿಯಿಂದ ಗಾಜಿನ ಪೆಟ್ಟಿಗೆ ಮುಚ್ಚುತ್ತಾಳೆ. ಇನ್ನೊಂದು ಪೆಟ್ಟಿಗೆಗೆ ಕಂಬಳಿ ಸಾಲುವುದಿಲ್ಲ. ಕೈಚೀಲ ಅವುಚಿಕೊಂಡಿದ್ದ ಹೆಂಗಸು ಅದನ್ನು ತೆರೆದು, ಚೌಕಳಿಯ ಮೇಜುಬಟ್ಟೆ ಹೊರತೆಗೆದು, ಏನೂ ಕೇಳದೆ ಅಜ್ಜಿಗೆ ಚಾಚುತ್ತಾಳೆ. ಭರ್ಜಿಗಳು ಮೇಜುಬಟ್ಟೆಯಡಿ ಮರೆಯಾಗುತ್ತವೆ.

ಆಗ ಕಟ್ಟಡವೇ ಬಿರಿದಂತೆ ಸದ್ದು. ಮಗುವೊಂದು ಚೀರುತ್ತದೆ. ಗಡ್ಡದ ಯುವಕ ಬಾಗಿಲ ಬಳಿ ಬೆನ್ನು ಗೋಡೆಗೊತ್ತಿ ನಿಂತೇ ಇದ್ದಾನೆ, ಕೂರುವುದಿಲ್ಲ. ಅವನೆದುರು ಅವನಷ್ಟೇ ವಯಸ್ಸಿನ ಜುಲು ಹುಡುಗನೂ ಕೂರುವುದಿಲ್ಲ. ಇಬ್ಬರ ನಡುವೆ ನೆಲದ ಮೇಲೆ ಮಾಜುಂಗು ಕುಳಿತಿದ್ದಾರೆ, ಒಮ್ಮೆ ಇವನ ಕೈ, ಒಮ್ಮೆ ಅವನ ಕೈ ನೋಡುತ್ತಾ.

ಗುಡುಗು ದೂರವಾದ ಮೇಲೆ ಮೊದಲು ಬಾಯಿಬಿಟ್ಟವರು ಬಾಬಾ ಶೆಜಿ. "ಮಾಜುಂಗು, ಆ ಮುದುಕರಿಗೆ ಹೇಳು. ನದಿ ದಾಟೋಕೆ ನೂರೆಂಬತ್ತು ವರ್ಷಕ್ಕೂ ಮೇಲೆ ತಗೊಂಡ್ರಲ್ಲ!"

ಮಾಜುಂಗು ಹೆದರುತ್ತಲೇ ಮಾತು ದಾಟಿಸುತ್ತಾರೆ. ಫ್ಲೋರಿಸ್ ಟೋಪಿಯ ನೀರು ಹಿಂಡುತ್ತಾ ಹೇಳುತ್ತಾರೆ: "ಮಳೆ ತಡವಾಯ್ತು ಅಂತ ಹೇಳು."

ಯಾರೋ ಒಬ್ಬರು ಕಿಸಕ್ಕೆನ್ನುತ್ತಾರೆ, ಆಮೇಲೆ ಇನ್ನೂ ಕೆಲವರು. ಎಲ್ಲರೂ ಅಲ್ಲ.

ಮಳೆ ನಿಂತಾಗ ಬಂದವರು ಬಂದ ಹಾಗೇ ಸಾಲಾಗಿ ಹಿಂತಿರುಗುತ್ತಾರೆ. ಅಪ್ಪುಗೆಯಿಲ್ಲ, ಭಾಷಣವಿಲ್ಲ. ದಂಡೆಯಲ್ಲಿ ಪಾಪ್ಲರ್ ಮರ ತುದಿಯಿಂದ ಬುಡದವರೆಗೆ ಸೀಳಿ ಹೊಗೆಯಾಡುತ್ತಿದೆ. ಅದರ ಕೆಳಗೆ ಖಾಲಿ ಕುರ್ಚಿಗಳು ಮಗುಚಿಬಿದ್ದಿವೆ. ಅದನ್ನು ಕಂಡು ಹಲವರು ನಿಂತುಬಿಡುತ್ತಾರೆ. ಗಡ್ಡದ ಯುವಕ ತಿರುಗಿ, ಸೇತುವೆಯ ಮೇಲಿನ ಮಾಜುಂಗುವಿನ ಕಡೆಗೆ ನೋಡಿ, ಟೋಪಿ ತೆಗೆಯುತ್ತಾನೆ. ಅವರು ಅದನ್ನು ನೋಡುವುದಿಲ್ಲ. ಕಂಬಿಗೆ ಒರಗಿ ವಾಂತಿ ಮಾಡಿಕೊಳ್ಳುತ್ತಿದ್ದಾರೆ.

ಸಂಜೆ ಎರಡೂ ಬಾಗಿಲಿಗೆ ಬೀಗ ಹಾಕುತ್ತಾರೆ. ಮಗಳಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಚೆನ್ನಾಗಿ ಮಳೆ ಬಂತು ಕಣೆ."

ಮುಂದಿನ ಡಿಸೆಂಬರ್ ಹದಿನಾರಕ್ಕೆ ನಿಮಗೆ ಏನಾಗಬೇಕು ಎಂದು ಕೇಳಿದರೆ ಮಾಜುಂಗು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕೆಳಗೆ ನದಿ ಮಣ್ಣು ಹೊತ್ತು ಹರಿಯುತ್ತಿದೆ.

"ಮಳೆ ಬರಬಾರ್ದು," ಎನ್ನುತ್ತಾರೆ. "ಆದ್ರೂ ಜನ ದಾಟಬೇಕು."