ಒರೆಸದೆ ಕಟ್ಟಿದ ಹಂಚು

ನಮ್ಮೂರು ಅಂಕಲಿಗೆ ಹತ್ತಿರ, ಕೃಷ್ಣೆಗೆ ಇನ್ನೂ ಹತ್ತಿರ. ಹೊಳೆ ಏರಿದರೆ ಮೊದಲು ಕಬ್ಬಿನ ಹೊಲ, ಆಮೇಲೆ ಹನುಮಪ್ಪನ ಗುಡಿಯ ಕಟ್ಟೆ, ಅದರ ಬೆನ್ನಿಗೇ ನಾವು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲದಲ್ಲಿ ಆ ಸರದಿ ನಮ್ಮ ಮನೆಯ ತನಕ ಬಂತು. ಜೀಪೊಂದು ಮೈಕು ಕಟ್ಟಿಕೊಂಡು ಬಂದು, ನದಿಪಾತ್ರದ ಸಾರ್ವಜನಿಕರು ಕೂಡಲೇ ಎತ್ತರದ ಸ್ಥಳಕ್ಕೆ ತೆರಳಬೇಕೆಂದು ಸಾರಿ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ಮೊದಲೇ ನಾನು ಮೂಗು ಹಿಡಿದುಕೊಂಡು ಅದೇ ದನಿಯಲ್ಲಿ ಇನ್ನೊಮ್ಮೆ ಸಾರಿದೆ. ಜೀಪು ಹೊರಳಿ ಬಂತೆಂದು ಓಣಿಯವರು ಎರಡು ಪಟ್ಟು ಗಡಿಬಿಡಿ ಮಾಡಿದರು. ಸರಕಾರಕ್ಕೆ ನನ್ನಿಂದಾದ ಸೇವೆ ಅಷ್ಟೇ.

ಆಗ ನಾನು ಚಿಕ್ಕೋಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹೋಗುವುದು, ಬರುವುದು ಎರಡೂ ಚೆನ್ನಾಗಿ ನಡೆದಿದ್ದವು. ನಡುವೆ ಓದಬೇಕಾದದ್ದು ಮಾತ್ರ ನಡೆದಿರಲಿಲ್ಲ. ನನಗೆ ಬರುತ್ತಿದ್ದದ್ದು ಮಂದಿಯ ದನಿ. ಕಂಡಕ್ಟರನ ಸೀಟಿ, ಅಪ್ಪ ಮಾತಿಗೆ ಮೊದಲು ಕೆಮ್ಮುವ ಕೆಮ್ಮು, ಕಾಕಾ ಟ್ರ್ಯಾಕ್ಟರಿನ ಜತೆ ಜಗಳಾಡುವ ರೀತಿ, ನಿಪ್ಪಾಣಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಕಾಕುವಿನ ಅರ್ಧ ಮರಾಠಿ ಅರ್ಧ ಕನ್ನಡ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದ ದಿನ ನನ್ನನ್ನೇ ಮಾಡುತ್ತಿದ್ದೆ: ಇರುವೆ ಸಾಲಿನಂಥ ಮೀಸೆಗೆ ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ನಿಂತ ಒಬ್ಬ ಗಂಭೀರ ಮನುಷ್ಯ.

ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು, ನಾನು. ಅವ್ವ ಈ ಮನೆಗೆ ಬಂದಾಗ ಕಾಕಾ ಮೂಗು ಸುರಿಸಿಕೊಂಡು ಓಡಾಡುವ ಹುಡುಗನಾಗಿದ್ದನಂತೆ. ಆಯಿ, ಅಂದರೆ ಅಪ್ಪನ ಅವ್ವ, ಹಾಸಿಗೆ ಹಿಡಿದ ಮೇಲೆ ಅವನಿಗೆ ಎರೆದು, ಉಣಿಸಿ, ಶಾಲೆಗೆ ಅಟ್ಟಿದವಳು ಅವ್ವನೇ. ಅವಳಿಗೆ ಜೀವನದಲ್ಲಿ ಒಂದೇ ಹಟವಿತ್ತು. ತಾನು ಇರುವ ತನಕ ಮನೆಯಲ್ಲಿ ಒಲೆ ಒಂದೇ ಇರಬೇಕು. ಕಾಕುವಿಗೂ ಅವಳಿಗೂ ದಿನಕ್ಕೊಂದು ತಕರಾರು ಇರುತ್ತಿತ್ತು, ಆದರೆ ಸಂಜೆ ಅದೇ ಒಲೆಯ ಮುಂದೆ ಒಬ್ಬಳು ರೊಟ್ಟಿ ಬಡಿಯುತ್ತಿದ್ದಳು, ಒಬ್ಬಳು ಬೇಯಿಸುತ್ತಿದ್ದಳು. ಓಣಿಯಲ್ಲಿ ಮನೆಗಳು ಒಂದೊಂದಾಗಿ ಒಡೆಯುತ್ತಿದ್ದಾಗ ಅವ್ವ ಇದನ್ನು ಹೇಳಿಕೊಂಡು ಮೆರೆಯುತ್ತಿದ್ದಳು.

ನೀರು ಹಿತ್ತಲಿಗೆ ಬಂದ ದಿನ ಕಾಕಾ ಟ್ರ್ಯಾಕ್ಟರಿಗೆ ಟ್ರೇಲರು ಹೂಡಿದ. ಬಿದಿರು ಬಗ್ಗಿಸಿ ಮೇಲೆ ತಾಡಪತ್ರಿ ಕಟ್ಟಿ, ಚಿಕ್ಕೋಡಿ ರಸ್ತೆಯ ಏರಿನ ಮೇಲೆ ತಂದು ನಿಲ್ಲಿಸಿದ. ಅಲ್ಲಿ ಆಗಲೇ ನಮ್ಮಂಥ ಟ್ರೇಲರುಗಳು ಸಾಲುಗಟ್ಟಿದ್ದವು. ಕಬ್ಬು ಹೊರುವ ಡಬ್ಬಿಯಲ್ಲಿ ಐದು ಜನರ ಸಂಸಾರ ಹೂಡುವುದೆಂದರೆ ಹುಡುಗಾಟವಲ್ಲ. ಹಾಸಿಗೆ, ಕಾಳಿನ ಚೀಲ ಹಿಂದಕ್ಕೆ. ಮುಂದಿನ ಮೂಲೆಯಲ್ಲಿ ತಗಡು ಅಡ್ಡ ನಿಲ್ಲಿಸಿ ಅಡುಗೆಮನೆ. ಅವ್ವ ತಾಟುಗಳನ್ನು ಟ್ರೇಲರಿನ ಪಕ್ಕದ ಹಲಗೆಯ ಸಂದಿಯಲ್ಲಿ ನಿಲ್ಲಿಸಿದಳು. ಬಿದಿರಿನಿಂದ ಬಿದಿರಿಗೆ ಹಗ್ಗ ಬಿಗಿದು ಸೌಟು, ಝಾರಿ, ಇಕ್ಕಳ ನೇತುಹಾಕಿದಳು. ಹಿಟ್ಟಿನ ಡಬ್ಬಿಗೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲ ತೊಡಿಸಿದಳು. ಆಯಿಯ ಕಾಲದ ಕಬ್ಬಿಣದ ಹಂಚನ್ನು, ಅಂಥ ಗಡಿಬಿಡಿಯಲ್ಲೂ, ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಎಣ್ಣೆ ಕುಡಿದು ಕುಡಿದು ಕರಿ ಕನ್ನಡಿಯಂತಾಗಿದ್ದ ಹಂಚು ಅದು. ರೊಟ್ಟಿ ತಾನಾಗಿ ಏಳುತ್ತಿತ್ತು.

ಮಳೆ ನಿಲ್ಲಲಿಲ್ಲ. ಬೆಳಗಿದ ಪಾತ್ರೆ ಒಣಗಲಿಲ್ಲ. ಒದ್ದೆ ಪಾತ್ರೆಯನ್ನು ಮುಚ್ಚಿಡುವುದು ಅವ್ವನ ಲೆಕ್ಕದಲ್ಲಿ ಉಂಡ ತಾಟಿನಲ್ಲಿ ಕೈ ತೊಳೆದದ್ದಕ್ಕಿಂತ ದೊಡ್ಡ ತಪ್ಪು. ಅಪ್ಪನ ಹಳೆ ಧೋತರದ ತುಂಡಿನಿಂದ ಒಂದೊಂದನ್ನೂ ಒರೆಸಿ, ಸ್ಟೋವಿನ ಕಾವಿಗೆ ಬೋರಲು ಹಿಡಿದು, ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಜೋಡಿಸುತ್ತಿದ್ದಳು. ಕಾಕು ಮಾತ್ರ ತೊಳೆದದ್ದನ್ನು ಹಲಗೆಯ ಮೇಲೆ ಬೋರಲು ಹಾಕಿ, ಗಾಳಿಗೆ ಆರುತ್ತದೆ ಎಂದು ಬಿಡುವವಳು. ಹೊರಗೆ ಊರು ಮುಳುಗುತ್ತಿದ್ದರೆ ಒಳಗೆ ಇವರಿಬ್ಬರ ತಕರಾರು ಒಂದು ತಂಬಿಗೆ ಆರಿದೆಯೋ ಇಲ್ಲವೋ ಎಂಬುದರ ಮೇಲೆ. ನಾನು ಇಬ್ಬರ ದನಿಯಲ್ಲೂ ಆ ಜಗಳವನ್ನು ಪಕ್ಕದ ಟ್ರೇಲರಿನವರಿಗೆ ಆಡಿ ತೋರಿಸಿದೆ. ಅವ್ವನ ಪಾತ್ರದಲ್ಲಿ ನಾನು ಹಸುವಿನ ಮೂತಿಯನ್ನೂ ಒರೆಸಿ ಕಾವಿಗೆ ಹಿಡಿಯುತ್ತಿದ್ದೆ. ಅವ್ವ ತಾಡಪತ್ರಿಯ ಮರೆಯಲ್ಲಿ ನಕ್ಕದ್ದು ಕೇಳಿಸಿತು.

ಒಂದು ಮುಂಜಾನೆ ಬಿಸಿಲು ಬಿತ್ತು. ಸಾಲಿನ ಎಲ್ಲ ಟ್ರೇಲರುಗಳೂ ಒಮ್ಮೆಲೇ ಹೊಟ್ಟೆ ಬಿಚ್ಚಿದವು. ರಸ್ತೆಯ ಪಕ್ಕದಲ್ಲೆಲ್ಲ ಕೌದಿ, ಕಾಳು, ಪಾತ್ರೆ. ಕಾಕು ಕೊಡ ಹಿಡಿದು ಬೋರ್‌ವೆಲ್ಲಿಗೆ ಹೋಗಿದ್ದಳು. ಹಲಗೆಯೂ ಒಣಗಬೇಕು, ಒಂದು ಸಾಮಾನೂ ಒಳಗೆ ಉಳಿಯಬಾರದು ಎಂದು ಅವ್ವ ಅಪ್ಪಣೆ ಮಾಡಿದಳು. ನಾನು ಒಂದೊಂದಾಗಿ ಇಳಿಸಿಕೊಡುತ್ತ, ಮದುವೆ ಮನೆಯಲ್ಲಿ ಮೈಕಿನ ಮುಂದೆ ಕೂತು ಆಹೇರ, ಅಂದರೆ ಬಂದ ಉಡುಗೊರೆ, ಕೂಗುವವನ ದನಿ ತೆಗೆದೆ. ನಮ್ಮ ಕಡೆ ಪ್ರತಿ ಪಾತ್ರೆಯ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವುದು ರೂಢಿ. ನಮ್ಮ ಮನೆಯವುಗಳ ಮೇಲೆಲ್ಲ ಅಜ್ಜನ ಹೆಸರೇ. ಅಜ್ಜ ತೀರಿ ಎಷ್ಟೋ ವರ್ಷವಾದರೂ, ಯಾರು ಕೊಂಡರೂ, ಅಂಗಡಿಯವನಿಗೆ ಅದೇ ಹೆಸರು ಬರೆದುಕೊಡುತ್ತಿದ್ದರು. ನಾನು ಪಾತ್ರೆ ಎತ್ತಿ ಹಿಡಿದು, ಅಜ್ಜನ ಹೆಸರು ಕೂಗಿ, ಇವರಿಂದ ವಧೂವರರಿಗೆ ಒಂದು ಪರಾತ, ಇವರಿಂದ ಮತ್ತೆ ಒಂದು ತಂಬಿಗೆ, ಅಜ್ಜನ ಕೈ ಬಹಳ ದೊಡ್ಡದು ಅನ್ನುತ್ತಿದ್ದೆ. ಸಾಲಿನವರೆಲ್ಲ ಕೆಲಸ ಬಿಟ್ಟು ನಗುತ್ತಿದ್ದರು. ತಿಂಗಳ ದುಃಖ ಮರೆತು ಅಪ್ಪನೂ ನಕ್ಕ.

ಕೊನೆಗೆ ಉಳಿದದ್ದು ಹಿಂದಿನ ಮೂಲೆಯ ಗೋಣಿಚೀಲ. ತನ್ನ ಹಳೆ ಸೀರೆಗಳಿವೆ ಎಂದು ಕಾಕು ಅದನ್ನು ತಾನೇ ಹೊತ್ತು ತಂದಿದ್ದಳು. ತಳದಿಂದ ನೀರು ಜಿನುಗುತ್ತಿತ್ತು. ಬಾಯಿ ಬಿಚ್ಚಿ ಕೈ ಹಾಕಿದರೆ ಸೀರೆಯ ಕೆಳಗೆ ತಣ್ಣನೆ ಸ್ಟೀಲು. ಹೊಸ ಡಬ್ಬಿ, ಹೊಸ ತಾಟು, ಹೊಸ ತಂಬಿಗೆ, ಇನ್ನೂ ಒಲೆ ಕಾಣದ ಬೆಳ್ಳನೆಯ ಕಬ್ಬಿಣದ ಹಂಚು, ಹೊಸ ಸ್ಟೋ. ನನ್ನ ಬಾಯಿ ಮೈಕಿನ ದನಿಯಲ್ಲೇ ಓಡುತ್ತಿತ್ತು, ನಿಲ್ಲಿಸಲು ಹೊತ್ತು ಸಿಗಲಿಲ್ಲ. ಎತ್ತಿದ ತಾಟಿನ ಮೇಲಿದ್ದ ಹೆಸರನ್ನು ಕೂಗಿದೆ. ಅದು ಅಜ್ಜನದಲ್ಲ, ಕಾಕಾನದು. ತಂಬಿಗೆಯ ಮೇಲೂ ಅದೇ. ಡಬ್ಬಿಯ ಮೇಲೂ ಅದೇ.

ಸಾಲಿನವರ ನಗೆ ಎಲ್ಲಿತ್ತೋ ಅಲ್ಲೇ ನಿಂತಿತು. ನಮ್ಮ ಕಡೆ ಸ್ವಂತ ಹೆಸರಿನ ಪಾತ್ರೆ ಕೊರೆಸಿದನೆಂದರೆ ಬೇರೆ ಒಲೆ ಹೂಡಲು ತಯಾರಾದನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ನೀರು ನುಗ್ಗುವಾಗ ಅವ್ವ ಆಯಿಯ ಹಂಚು ಎತ್ತಿಕೊಂಡಳು. ಇವರು ನಾಳೆಯ ಮನೆಯನ್ನು ಎತ್ತಿಕೊಂಡಿದ್ದರು.

ಕಾಕಾ ಟ್ರ್ಯಾಕ್ಟರಿನ ಕೆಳಗೆ ಏನೋ ಬಿಗಿಯುತ್ತಿದ್ದವನು ಎದ್ದು ಬಂದ. ನನ್ನನ್ನು ಬಯ್ಯಲಿಲ್ಲ. ಕೈಗೆ ಹತ್ತಿದ ಗ್ರೀಸನ್ನೇ ನೋಡುತ್ತ ಅವ್ವನಿಗೆ ಹೇಳಿದ:

"ವೈನಿ, ಅದು ಅಕಿ ತವರವರು ಕೊಟ್ಟಾರ್ರಿ."

"ಹೆಸರೂ ಅವರ ಕೊಟ್ಟಾರೇನಪ್ಪಾ?" ಅಂದಳು ಅವ್ವ.

ಅಷ್ಟೇ. ಕಾಕಾ ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋದ. ಅಪ್ಪ ಕೆಮ್ಮಿದ, ಆದರೆ ಕೆಮ್ಮಿನ ಹಿಂದೆ ಬರಬೇಕಾದ ಮಾತು ಬರಲಿಲ್ಲ. ಅವ್ವ ಚೀಲದ ಸಾಮಾನನ್ನು ಒಳಗೆ ತುಂಬತೊಡಗಿದಳು. ತಾಟು ಒರೆಸಲಿಲ್ಲ. ಡಬ್ಬಿ ಒರೆಸಲಿಲ್ಲ. ಹೊಸ ಹಂಚಿನ ಮೇಲೆ ನೀರು ಹನಿಹನಿಯಾಗಿ ನಿಂತಿತ್ತು. ಧೋತರದ ತುಂಡು ಅವಳ ಹೆಗಲ ಮೇಲೇ ಇತ್ತು. ಅದನ್ನು ಅಲ್ಲೇ ಬಿಟ್ಟು, ಹಂಚನ್ನು ಹಸಿ ಸೀರೆಯಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಸುತಳಿಯಿಂದ ಬಿಗಿದಳು.

"ಅವ್ವಾ, ಹಸಿ ಐತಿ," ಅಂದೆ, ನನ್ನದೇ ದನಿಯಲ್ಲಿ.

"ಗಾಳಿಗಿ ಆರತೈತಿ," ಅಂದಳು. ಅದು ಕಾಕುವಿನ ಮಾತು, ಕಾಕುವಿನದೇ ಎಳೆತ. ಮನೆಯಲ್ಲಿ ನಕಲು ಬರುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ.

ಕಾಕು ನೀರು ತಂದಾಗ ಚೀಲ ಅದೇ ಮೂಲೆಯಲ್ಲಿ ಅದೇ ಗಂಟಿನೊಂದಿಗೆ ಕೂತಿತ್ತು. ಪಕ್ಕದ ಟ್ರೇಲರಿನವಳು ಅವಳ ಕಿವಿಗೆ ಎಲ್ಲ ಮುಟ್ಟಿಸಿದಳು. ಕಾಕು ಚೀಲ ಮುಟ್ಟಲಿಲ್ಲ. ಮುಂದಿನ ದಿನಗಳಲ್ಲಿ ಇಬ್ಬರೂ ಒಂದೇ ಸ್ಟೋವಿನ ಮುಂದೆ ಕೂತು, ಒಬ್ಬರಾದ ಮೇಲೆ ಒಬ್ಬರಂತೆ, ಮಾತಿಲ್ಲದೆ ರೊಟ್ಟಿ ಮಾಡಿದರು. ಜಗಳ ಇದ್ದಾಗ ಇದ್ದ ಮನೆ ಜಗಳ ನಿಂತಾಗ ಇರಲಿಲ್ಲ.

ಹೊಳೆ ಇಳಿಯಿತು. ಮನೆಯ ಕೆಸರು ತೆಗೆದು ಮುಗಿಸುವ ಮೊದಲೇ ಹಿರಿಯರು ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು ವಾಟಣಿ ಮಾಡಿ ಆಸ್ತಿ ಪಾಲು ಹಾಕಿದರು. ಹೊಲ, ಎತ್ತು, ಟ್ರ್ಯಾಕ್ಟರು ಎಲ್ಲ ಮುಗಿದು ಪಾತ್ರೆಗೆ ಬಂತು. ಅಷ್ಟರಲ್ಲಿ ಕಾಕು ಗೋಣಿಚೀಲ ತಂದು ಎಲ್ಲರ ಮುಂದೆ ಸುರಿದಳು. ಸ್ಟೀಲು ಬಚಾವಾಗಿತ್ತು. ಹಂಚು ತುಕ್ಕು ಹಿಡಿದು ಇಟ್ಟಂಗಿಯ ಬಣ್ಣಕ್ಕೆ ತಿರುಗಿ, ಮುಟ್ಟಿದಲ್ಲೆಲ್ಲ ಪುಡಿ ಉದುರುತ್ತಿತ್ತು.

"ಕಟ್ಟಿದವರು ಯಾರಂತ ಕೇಳ್ರಿ," ಅಂದಳು ಕಾಕು. "ಆ ಧಾಕಟಿ ಹಂಚ ನಮಗ ಕೊಡ್ರಿ. ಇದನ್ನ ಅವರ ಇಟ್ಟಕೊಳ್ಳಲಿ."

ಧಾಕಟಿ ಎಂದರೆ ಚಿಕ್ಕದು. ಆಯಿಯ ಹಂಚು ಹೊಸದಕ್ಕಿಂತ ಒಂದು ಬೆರಳು ಚಿಕ್ಕದಿತ್ತು. ಹಿರಿಯರು ಅವ್ವನ ಮುಖ ನೋಡಿದರು. ಕಟ್ಟಿದ್ದು ನೀನೇನಮ್ಮಾ ಎಂದು ಒಬ್ಬರು ಕೇಳಿದರು. ಅವ್ವ ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದರೆ ನಾನು ಅವಳ ಕಡೆ ಸಾಕ್ಷಿ ಹೇಳುತ್ತಿದ್ದೆ, ಬೇಕಾದವರ ದನಿಯಲ್ಲಿ. ಅವಳು ಎದ್ದು ಒಳಗೆ ಹೋಗಿ ಆಯಿಯ ಹಂಚು ತಂದಳು. ಕಾಕುವಿಗೆ ಕೊಡಲಿಲ್ಲ, ಕಾಕಾನ ಮುಂದೆ ಇಟ್ಟಳು.

"ಇದರ ಮ್ಯಾಲಿನ ರೊಟ್ಟಿನ ತಿಂದ ದೊಡ್ಡಾಂವ ಆಗೀದಿ. ಒಯ್ಯಿ."

ಕಾಕಾ ಒಯ್ದ. ಬೇಡ ಅನ್ನುತ್ತಾನೆ ಎಂದು ನಾನು ಕಾದಿದ್ದೆ, ಅವ್ವನೂ ಕಾದಿದ್ದಳು ಎಂದು ನನಗೆ ಗೊತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಿತ್ತಲ ಕಡೆಯ, ಈಗ ತನ್ನ ಪಾಲಿಗೆ ಬಂದ ಬಾಗಿಲಿಗೆ ನಡೆದ.

ಅವ್ವ ಜಂಗು ಹಿಡಿದ ಹಂಚನ್ನು ಬೂದಿ, ಇಟ್ಟಂಗಿ ಪುಡಿ, ತೆಂಗಿನ ನಾರು ಹಾಕಿ ಉಜ್ಜಿದಳು. ದೀಪಾವಳಿ ಬರುವ ತನಕ ನಮ್ಮ ರೊಟ್ಟಿಗೆ ಕಬ್ಬಿಣದ ವಾಸನೆ ಇತ್ತು, ಅಂಚು ಹಂಚಿಗೇ ಅಂಟಿ ಹರಿಯುತ್ತಿತ್ತು. ಅಪ್ಪ ಹರಿದ ರೊಟ್ಟಿಯನ್ನೇ ಉಂಡ. ಊಟದ ಹೊತ್ತಿಗೆ ಯಾರನ್ನಾದರೂ ಆಡಿ ನಗಿಸುವುದು ನನ್ನ ಕೆಲಸವಾಗಿತ್ತು. ನಾನೂ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಕೂತೆ. ಗೋಡೆಯ ಆಚೆ ಆಯಿಯ ಹಂಚಿನ ಮೇಲೆ ಕಾಕು ರೊಟ್ಟಿ ಹಾಕಿದ ಸದ್ದು ಬರುತ್ತಿತ್ತು. ಆ ರೊಟ್ಟಿ ತಾನಾಗಿ ಏಳುವ ಹೊತ್ತಿಗೆ ಸರಿಯಾಗಿ ಅವ್ವನ ಕೈ, ಹಳೆ ರೂಢಿಯಂತೆ, ಇಲ್ಲಿ ಏಳದ ರೊಟ್ಟಿಯನ್ನು ಮಗುಚಲು ಹೋಗುತ್ತಿತ್ತು.